‘ಚೈಲ್ಡ್ ಇನ್ ಟೈಮ್’ ಈಗ ವೇದಿಕೆಯಲ್ಲಿ ಏಕೆ ಕೇಳಿಸುವುದಿಲ್ಲ? ಡೀಪ್ ಪರ್ಪಲ್ ತಂಡ ಮತ್ತು ಅದರ ಆರಂಭದ ಹಾಡುಗಳು

ಓಸಾಕಾ72 (ಚರ್ಚೆ ಆರಂಭಿಸಿದವರು)

ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್‌ನ ಈಚಿನ ಯಾವುದೇ ಕಾರ್ಯಕ್ರಮದ ವಿಡಿಯೋ ತೆರೆದರೂ ಅದರ ಕೆಳಗೆ ಒಂದೇ ದೂರು ಮತ್ತೆ ಮತ್ತೆ ಎದುರಾಗುತ್ತದೆ. ‘ಸ್ಮೋಕ್ ಆನ್ ದಿ ವಾಟರ್’ ಇದೆ, ‘ಹೈವೇ ಸ್ಟಾರ್’ ಇದೆ, ‘ಚೈಲ್ಡ್ ಇನ್ ಟೈಮ್’ ಮಾತ್ರ ಏಕಿಲ್ಲ ಎಂದು ಕೇಳುವವರು ಕೆಲವರಾದರೆ, ಗಾಯಕ ಇಯಾನ್ ಗಿಲನ್ ಮೈಗಳ್ಳರಾಗಿದ್ದಾರೆ ಎಂದು ತೀರ್ಪು ಕೊಟ್ಟುಬಿಡುವವರು ಇನ್ನು ಕೆಲವರು. ಎರಡನೆಯ ಮಾತು ನನಗೆ ತೀರಾ ಅನ್ಯಾಯವೆನಿಸುತ್ತದೆ. ಅದಕ್ಕಾಗಿಯೇ ಈ ವಿಷಯವನ್ನು ತುಸು ವಿವರವಾಗಿ ಇಲ್ಲಿ ಇಡುತ್ತಿದ್ದೇನೆ.

ಗಿಲನ್ ಹುಟ್ಟಿದ್ದು 1945ರ ಆಗಸ್ಟ್ 19ರಂದು. ಅವರೂ ಬಾಸ್ ಗಿಟಾರ್ ನುಡಿಸುವ ರಾಜರ್ ಗ್ಲೋವರ್ ಅವರೂ ತಂಡವನ್ನು ಸೇರಿದ್ದು 1969ರಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರು ಈ ಹಾಡನ್ನು ಜನರ ಮುಂದೆ ಹಾಡಿದರು. ಅದು ‘ಡೀಪ್ ಪರ್ಪಲ್ ಇನ್ ರಾಕ್’ ಆಲ್ಬಂನಲ್ಲಿ ಹೊರಬಂದದ್ದು 1970ರ ಜೂನ್‌ನಲ್ಲಿ. ಅಂದರೆ ಇದು ಸ್ಟುಡಿಯೋದಲ್ಲಿ ಯಂತ್ರಗಳ ನೆರವಿನಿಂದ ಕಟ್ಟಿ, ಆಮೇಲೆ ವೇದಿಕೆಯ ಮೇಲೆ ಪರದಾಡಿದ ಹಾಡಲ್ಲ. ವೇದಿಕೆಯ ಮೇಲೆಯೇ ಬೆಳೆದ, 24ರ ಹರೆಯದ ಒಂದು ಗಂಟಲಿನ ಅಳತೆಗೆ ಸರಿಯಾಗಿ ಹೊಲಿದ ಹಾಡು. ಐವತ್ತು ವರ್ಷಗಳ ಬಳಿಕವೂ ಇದನ್ನು ಹಾಡಬೇಕಾಗುತ್ತದೆ ಎಂಬ ಯೋಚನೆ ಅಂದು ಆ ಐವರಲ್ಲಿ ಒಬ್ಬರಿಗೂ ಇದ್ದಿರಲಾರದು. ರಾಕ್ ಸಂಗೀತಕ್ಕೇ ಆಗ ಇಪ್ಪತ್ತು ವರ್ಷ ತುಂಬಿರಲಿಲ್ಲ.

1972ರ ಆಗಸ್ಟ್‌ನಲ್ಲಿ ಜಪಾನಿನ ಓಸಾಕಾದಲ್ಲಿ ಧ್ವನಿಮುದ್ರಣಗೊಂಡು ‘ಮೇಡ್ ಇನ್ ಜಪಾನ್’ ಎಂಬ ಲೈವ್ ಆಲ್ಬಂನಲ್ಲಿ ಸೇರಿದ ರೂಪವನ್ನು ಒಮ್ಮೆ ಗಮನವಿಟ್ಟು ಕೇಳಿ. ಗಿಲನ್‌ಗೆ ಆಗ 27 ತುಂಬಲು ಇನ್ನೂ ಕೆಲವು ದಿನಗಳಿದ್ದವು. ಜಾನ್ ಲಾರ್ಡ್ ಅವರ ಆರ್ಗನ್ ಮೆಲ್ಲಗೆ ಶುರುವಾಗುತ್ತದೆ. ಗಿಲನ್ ಪಿಸುಮಾತಿಗೆ ತುಸು ಮೇಲಿನ ದನಿಯಲ್ಲಿ ಹಾಡುತ್ತಾರೆ. ಮಾತುಗಳು ಮುಗಿದ ಮೇಲೆ ಬರಿಯ ಸ್ವರ ಮಾತ್ರ ಉಳಿಯುತ್ತದೆ. ಮೊದಲು ಬಾಯಿ ಅರ್ಧ ಮುಚ್ಚಿದಂತೆ ಒಂದು ‘ಊ’, ಅದು ಮೆಟ್ಟಿಲು ಮೆಟ್ಟಿಲಾಗಿ ಏರಿ, ಕೊನೆಗೆ ತಾರಸ್ಥಾಯಿಯ ತುತ್ತತುದಿಯಲ್ಲಿ ಬಾಯಿ ಪೂರ್ತಿ ತೆರೆದ ಚೀತ್ಕಾರವಾಗುತ್ತದೆ. ಅದಾದ ಮೇಲೆ ರಿಚಿ ಬ್ಲ್ಯಾಕ್‌ಮೋರ್ ಅವರ ಗಿಟಾರ್ ಓಟ, ಮತ್ತೆ ಮೌನ, ಮತ್ತೆ ಅದೇ ಏರುವಿಕೆ. ಹನ್ನೆರಡು ನಿಮಿಷಗಳಲ್ಲಿ ಆ ಶಿಖರವನ್ನು ಎರಡು ಬಾರಿ ಹತ್ತಬೇಕು, ಮತ್ತು ಎರಡನೆಯ ಬಾರಿ ಮೊದಲಿಗಿಂತ ಸಪ್ಪೆಯಾಗಕೂಡದು.

ಗಿಲನ್ ಸಂದರ್ಶನಗಳಲ್ಲಿ ಹೇಳಿರುವುದರ ಸಾರವಿಷ್ಟು: ಯೌವನದಲ್ಲಿ ಆ ಹಾಡು ಅವರಿಗೆ ಒಲಿಂಪಿಕ್ ಕ್ರೀಡೆಯ ಹಾಗೆ ಇತ್ತು, ಸರಿಯಾಗಿ ಹಾಡಲು ಆಗುವುದಿಲ್ಲವೆಂದು ತಿಳಿದ ಮೇಲೆ ಕೆಟ್ಟದಾಗಿ ಹಾಡುವುದಕ್ಕಿಂತ ಬಿಡುವುದೇ ಮೇಲೆಂದು ಬಿಟ್ಟರು. ತೊಂಬತ್ತರ ದಶಕದ ನಡುವಿನಿಂದಲೇ ಅದು ಅಪರೂಪವಾಗಿ, 2002ರ ನಂತರ ನಿಂತೇಹೋಯಿತು. ನನ್ನ ಮಟ್ಟಿಗೆ ಇದು ಸೋಲಲ್ಲ, ಕೇಳುಗರಿಗೆ ತೋರಿಸಿದ ಮರ್ಯಾದೆ. ನಿಮ್ಮ ಅಭಿಪ್ರಾಯಗಳನ್ನು ತಿಳಿಯಲು ಇಚ್ಛಿಸುತ್ತೇನೆ.

ಮೈಸೂರು ಮಲ್ಲಿಗೆ

ನಾನು ಧ್ವನಿಯ ತೊಂದರೆಗಳಿಗೆ ಚಿಕಿತ್ಸೆ ನೀಡುವ ವೃತ್ತಿಯಲ್ಲಿರುವುದರಿಂದ ಗಂಟಲಿನ ಭಾಗವನ್ನಷ್ಟೇ ಹೇಳುತ್ತೇನೆ.

ಸಾಮಾನ್ಯ ಗಂಡಸು ಮಾತನಾಡುವಾಗ ಅವನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ ಒಂದಕ್ಕೊಂದು ಬಡಿಯುತ್ತವೆ. ಈ ಹಾಡಿನ ತುದಿಯ ಸ್ವರದಲ್ಲಿ ಆ ಬಡಿತ ಸೆಕೆಂಡಿಗೆ 880ರ ಆಸುಪಾಸಿಗೆ ಹೋಗುತ್ತದೆ. ಅಷ್ಟು ಎತ್ತರಕ್ಕೆ ಹೋಗಬೇಕಾದರೆ ತಂತುಗಳು ಉದ್ದಕ್ಕೆ ಎಳೆಯಲ್ಪಟ್ಟು ತೆಳ್ಳಗಾಗಬೇಕು. ಅವನ್ನು ಎಳೆಯುವುದಕ್ಕೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳು ಕೀಲಿನಲ್ಲಿ ಸರಾಗವಾಗಿ ಬಾಗಬೇಕು. ಮೃದ್ವಸ್ಥಿ ಎಂದು ಹೆಸರಿದ್ದರೂ ವಯಸ್ಸಾದಂತೆ ಅದರಲ್ಲಿ ಸುಣ್ಣದ ಅಂಶ ಸೇರಿ ಮೂಳೆಯಂತೆ ಗಡುಸಾಗುತ್ತದೆ, ಗಂಡಸರಲ್ಲಂತೂ ಇದು ಬೇಗ ಆರಂಭವಾಗುತ್ತದೆ. ತಂತುಗಳ ಒಳಗಿನ ಸ್ನಾಯು ಸೊರಗುತ್ತದೆ, ಮೇಲ್ಪದರದ ಹಿಗ್ಗುವ ಎಳೆಗಳು ಕಡಿಮೆಯಾಗುತ್ತವೆ. ಆಗ ಎರಡು ತಂತುಗಳು ಕೂಡುವ ಹೊತ್ತಿನಲ್ಲಿ ನಡುವೆ ಸಣ್ಣ ಸಂದು ಉಳಿದು ಗಾಳಿ ಸೋರುತ್ತದೆ. ಅದೇ ನಮಗೆ ಬಿರುಕು ದನಿಯಾಗಿ ಕೇಳಿಸುವುದು. ಇದರ ಜೊತೆಗೆ ಶ್ವಾಸಕೋಶ ಹಿಡಿಯುವ ಗಾಳಿಯೂ ಕಡಿಮೆ.

ಸಾಧನೆಯಿಂದ ಈ ಬದಲಾವಣೆಗಳನ್ನು ನಿಧಾನಗೊಳಿಸಬಹುದು, ತಡೆಯಲು ಬರುವುದಿಲ್ಲ. ಹಿರಿಯ ಗಾಯಕರಲ್ಲಿ ಮೊದಲು ಕೈಬಿಡುವುದು ಮೇಲಿನ ಸ್ವರಗಳು. ಮಧ್ಯಸ್ಥಾಯಿ ಎಪ್ಪತ್ತು ದಾಟಿದರೂ ಚೆನ್ನಾಗಿ ಉಳಿಯಬಲ್ಲದು, ಕೆಲವೊಮ್ಮೆ ಮೊದಲಿಗಿಂತ ತುಂಬಿಕೊಂಡೂ ಇರುತ್ತದೆ. ಆದುದರಿಂದ ಒಬ್ಬ ಗಾಯಕ ಒಂದು ಹಾಡನ್ನು ಚೆನ್ನಾಗಿ ಹಾಡಿ, ಮರುಕ್ಷಣ ಇನ್ನೊಂದನ್ನು ಬಿಟ್ಟುಬಿಟ್ಟರೆ ಅದರಲ್ಲಿ ವಿರೋಧಾಭಾಸ ಏನೂ ಇಲ್ಲ.

ಇನ್ನೊಂದು ವಿಷಯ. 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರ್‌ನಲ್ಲಿ ನಡೆದ ಕಾರ್ಯಕ್ರಮದ 117 ಡೆಸಿಬೆಲ್ ಅಬ್ಬರಕ್ಕಾಗಿ ಈ ತಂಡದ ಹೆಸರು ಗಿನ್ನೆಸ್ ದಾಖಲೆಯಲ್ಲಿ ಸೇರಿತು. ಅಂಥ ಗದ್ದಲದ ನಡುವೆ ತನ್ನ ದನಿ ತನಗೇ ಕೇಳಿಸದಿದ್ದಾಗ ಯಾರೇ ಆಗಲಿ ತಿಳಿಯದೆಯೇ ಗಂಟಲನ್ನು ಇನ್ನಷ್ಟು ಬಿಗಿಯುತ್ತಾರೆ. ನಮ್ಮಲ್ಲಿಗೆ ಬರುವ ಶಾಲಾ ಶಿಕ್ಷಕಿಯರ ತೊಂದರೆಯೂ ಬಹುಮಟ್ಟಿಗೆ ಇದೇ. ಅವರದು ಸದ್ದುಗದ್ದಲದ ತರಗತಿ, ಇವರದು ವೇದಿಕೆ.

ಆರು ತಂತಿ

ಮೇಡಂ ಅವರ ವಿವರಣೆಗೆ ಧನ್ಯವಾದಗಳು. ಹಾಗಾದರೆ ಶ್ರುತಿ ಇಳಿಸಿಕೊಂಡು ಹಾಡಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಗಿಟಾರ್ ಕಲಿಸುವವನಾದ್ದರಿಂದ ಅದಕ್ಕೆ ಉತ್ತರಿಸಲು ಯತ್ನಿಸುತ್ತೇನೆ.

ಅನೇಕ ತಂಡಗಳು ಇದನ್ನು ಮಾಡುತ್ತವೆ. ಮೆಟಾಲಿಕಾ ತೊಂಬತ್ತರ ದಶಕದಿಂದಲೂ ವೇದಿಕೆಯ ಮೇಲೆ ಗಿಟಾರ್‌ಗಳನ್ನು ಅರ್ಧ ಸ್ವರ ಇಳಿಸಿ ನುಡಿಸುತ್ತದೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನೆರೆದಿದ್ದವರು ಕೇಳಿದ್ದೂ ಅದೇ ಇಳಿದ ಶ್ರುತಿಯನ್ನು, ಯಾರಿಗೂ ಕೊರತೆಯೆನಿಸಲಿಲ್ಲ. 2007ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಲೆಡ್ ಜೆಪೆಲಿನ್ ಮತ್ತೆ ಒಂದಾಗಿ ಹಾಡಿದಾಗಲೂ ರಾಬರ್ಟ್ ಪ್ಲಾಂಟ್ ಅವರ ಅನುಕೂಲಕ್ಕಾಗಿ ಹಲವು ಹಾಡುಗಳ ಶ್ರುತಿಯನ್ನು ಇಳಿಸಲಾಗಿತ್ತು.

ಗಿಟಾರ್‌ನಲ್ಲಿ ಇದು ಕಷ್ಟದ ಕೆಲಸವಲ್ಲ. ‘ಸ್ಮೋಕ್ ಆನ್ ದಿ ವಾಟರ್’ ರಿಫ್‌ನ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನ) ಮೊದಲ ಜೋಡಿ ಸ್ವರಗಳು ಡಿ ಮತ್ತು ಜಿ ತಂತಿಗಳನ್ನು ಒತ್ತದೆ, ಖಾಲಿ ಬಿಟ್ಟು ಮೀಟಿದಾಗ ಬರುವಂಥವು. ಬ್ಲ್ಯಾಕ್‌ಮೋರ್ ಅವನ್ನು ಪ್ಲೆಕ್ಟ್ರಮ್ (ತಂತಿ ಮೀಟುವ ಬಿಲ್ಲೆ) ಇಲ್ಲದೆ ಎರಡು ಬೆರಳುಗಳಿಂದ ಒಟ್ಟಿಗೆ ಎಳೆಯುತ್ತಿದ್ದರು. ಆ ನಾದದ ಗಟ್ಟಿತನ ಖಾಲಿ ತಂತಿಯಲ್ಲೇ ಇದೆ. ಎಲ್ಲ ತಂತಿಗಳನ್ನೂ ಅರ್ಧ ಸ್ವರ ಸಡಿಲಿಸಿದರೆ ಬೆರಳು ಅದೇ ಜಾಗದಲ್ಲಿರುತ್ತದೆ, ರಿಫ್ ಕೆಡುವುದಿಲ್ಲ. ಹ್ಯಾಮಂಡ್ ಆರ್ಗನ್ನನ್ನು ಮಾತ್ರ ಹೀಗೆ ಸಡಿಲಿಸಲು ಆಗದು. ‘ಚೈಲ್ಡ್ ಇನ್ ಟೈಮ್’ ಇರುವುದು ಎ ಮೈನರ್‌ನಲ್ಲಿ, ಆರ್ಗನ್‌ನ ಬಿಳಿ ಕೀಲಿಗಳ ಮೇಲೆ. ಅರ್ಧ ಸ್ವರ ಕೆಳಗಿಳಿದರೆ ಕೈಯ ಓಟವೇ ಬದಲಾಗುತ್ತದೆ. ಈಗ ತಂಡದಲ್ಲಿ ಆರ್ಗನ್ ನುಡಿಸುವ ಡಾನ್ ಏರಿ ಅವರಂಥ ನುರಿತವರಿಗೆ ಅದೂ ಸಾಧ್ಯವೇ ಎನ್ನಿ.

ನಿಜವಾದ ತೊಡಕು ಅರ್ಧ ಸ್ವರದಿಂದ ಏನೂ ಆಗುವುದಿಲ್ಲ ಎಂಬುದು. ಈ ಹಾಡಿನ ಹರವು ಸುಮಾರು ಎರಡು ಸ್ಥಾಯಿಗಳಷ್ಟಿದೆ. ತುದಿಯ ಸ್ವರ ಎಪ್ಪತ್ತು ದಾಟಿದ ಗಾಯಕರ ಕೈಗೆ ಸಿಗಬೇಕಾದರೆ ಇಡೀ ಹಾಡನ್ನು ನಾಲ್ಕೈದು ಸ್ವರಗಳಷ್ಟು ಕೆಳಗೆ ತರಬೇಕಾದೀತು. ಆಗ ಆರಂಭದ ಮೆಲುದನಿಯ ಭಾಗ ಮಂದ್ರಕ್ಕೆ ಕುಸಿದು ಗೊಣಗಾಟವಾಗುತ್ತದೆ. ಮೆಟಾಲಿಕಾ ಹಾಡುಗಳ ಹರವು ಇಷ್ಟು ದೊಡ್ಡದಲ್ಲ, ಹಾಗಾಗಿ ಅಲ್ಲಿ ಒಪ್ಪಿದ ಉಪಾಯ ಇಲ್ಲಿ ಒಪ್ಪುವುದಿಲ್ಲ.

ದಾವಣಗೆರೆ ಕೇಳುಗ

ಇಲ್ಲಿಯವರೆಗೆ ಬರೆದವರೆಲ್ಲರೂ ಕಲಾವಿದರ ಕಡೆಯಿಂದ ಮಾತನಾಡಿದ್ದೀರಿ. ನಾನು ಪ್ರೇಕ್ಷಕರ ಪರವಾಗಿ ಎರಡು ಮಾತು ಹೇಳಬೇಕು.

ಈ ತಂಡ ವಿದೇಶದಲ್ಲಿ ಎಲ್ಲೋ ಹಾಡುವಾಗ ಟಿಕೆಟ್ಟು, ವೀಸಾ, ವಿಮಾನ ಎಂದು ನಮ್ಮಂಥವರು ಮಾಡುವ ಖರ್ಚು ಸಣ್ಣದಲ್ಲ. ಆ ಒಂದು ಹಾಡನ್ನು ಜೀವಮಾನದಲ್ಲಿ ಒಮ್ಮೆ ಎದುರಿಗೆ ನಿಂತು ಕೇಳಬೇಕು ಎಂಬ ಆಸೆ ಅನೇಕರಿಗಿದೆ. ಹಾಡಲು ಆಗದಿದ್ದರೆ ಎತ್ತರದ ಸ್ವರಗಳಿಗೆ ಒಬ್ಬ ಕಿರಿಯ ಗಾಯಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬಹುದು. ಜೆನೆಸಿಸ್ ತಂಡದ ಫಿಲ್ ಕಾಲಿನ್ಸ್ ನರಗಳ ತೊಂದರೆಯಿಂದ ಡ್ರಮ್ ಬಾರಿಸಲಾಗದೆ, 2021 ಮತ್ತು 2022ರ ಕೊನೆಯ ಪ್ರವಾಸದಲ್ಲಿ ಕುರ್ಚಿಯ ಮೇಲೆ ಕುಳಿತು ಹಾಡಿದರು; ಡ್ರಮ್ ಬಾರಿಸಿದ್ದು ಅವರ ಮಗ ನಿಕ್. ಜನ ಅದನ್ನು ಕಣ್ಣು ತುಂಬಿಕೊಂಡು ಸ್ವೀಕರಿಸಿದರು. ಕುಂದು ಇದ್ದರೂ ಚಿಂತೆಯಿಲ್ಲ, ಎದುರಿಗೆ ಕೇಳಿದೆವೆಂಬ ತೃಪ್ತಿ ಸಾಕು ಎನ್ನುವವರ ಮಾತಿಗೂ ಬೆಲೆ ಇರಬೇಕು. ಮರ್ಯಾದೆ ಎಂದು ಓಸಾಕಾ ಅವರು ಕರೆದದ್ದು ನನಗೆ ಕಲಾವಿದರ ಸ್ವಾಭಿಮಾನವಾಗಿ ಮಾತ್ರ ಕಾಣುತ್ತದೆ.

ಓಸಾಕಾ72

ದಾವಣಗೆರೆಯವರೇ, ನಿಮ್ಮ ಆಸೆ ನನಗೂ ಇದೆ. ಆದರೆ ಕಿರಿಯ ಗಾಯಕನ ವಿಚಾರದಲ್ಲಿ ನನ್ನದು ಬೇರೆ ಅಭಿಪ್ರಾಯ.

ಆ ಹಾಡಿನಲ್ಲಿ ಮೆಲುದನಿಯಲ್ಲಿ ಹಾಡುವವನೂ ಕೊನೆಗೆ ಚೀರುವವನೂ ಒಬ್ಬನೇ ಆಗಿರಬೇಕಾದ ಅಗತ್ಯವಿದೆ. ಶಾಂತವಾಗಿದ್ದ ಮನುಷ್ಯನೊಬ್ಬ ತನ್ನ ಮಿತಿಯ ಅಂಚಿಗೆ ಹೋಗಿ ನಿಲ್ಲುವುದನ್ನು ನಾವು ಕೇಳುತ್ತೇವೆ. ಇನ್ನೊಬ್ಬ ಬಂದು ಆ ಎತ್ತರವನ್ನು ಮುಟ್ಟಿಕೊಟ್ಟರೆ ಸ್ವರ ಸಿಗುತ್ತದೆ, ಆ ಪ್ರಯಾಣ ಸಿಗುವುದಿಲ್ಲ. ಡ್ರಮ್ ಬಾರಿಸುವ ಕೈ ಬದಲಾದಾಗ ಇಷ್ಟು ವ್ಯತ್ಯಾಸವಾಗದು ಎಂದು ನನ್ನ ಅನಿಸಿಕೆ.

ಧ್ವನಿಮುದ್ರಿತ ತುಣುಕನ್ನು ಹಿನ್ನೆಲೆಯಲ್ಲಿ ಹಾಕುವ ಪದ್ಧತಿ ಇಂದು ಸಾಮಾನ್ಯವಾಗಿದೆ. ಆದರೆ ಅದು ಈ ತಂಡದ ಜಾಯಮಾನಕ್ಕೆ ಒಗ್ಗುವುದಿಲ್ಲ. ಮುದ್ರಿತ ತುಣುಕಿನ ಜೊತೆ ನುಡಿಸಬೇಕಾದರೆ ಎಲ್ಲರೂ ಒಂದೇ ಲಯದ ಗಡಿಯಾರಕ್ಕೆ ಕಟ್ಟುಬೀಳಬೇಕು. ಡೀಪ್ ಪರ್ಪಲ್ ಬೆಳೆದದ್ದು ಅದಕ್ಕೆ ಪೂರ್ತಿ ವಿರುದ್ಧವಾದ ದಾರಿಯಲ್ಲಿ. ‘ಮೇಡ್ ಇನ್ ಜಪಾನ್’ನ ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ನಲ್ಲಿ ಬ್ಲ್ಯಾಕ್‌ಮೋರ್ ಗಿಟಾರ್‌ನಲ್ಲಿ ಒಂದು ವಾಕ್ಯ ನುಡಿಸುತ್ತಾರೆ, ಗಿಲನ್ ಅದನ್ನೇ ಗಂಟಲಿನಿಂದ ಹಿಂದಿರುಗಿಸುತ್ತಾರೆ, ಪ್ರಶ್ನೆ ಕಠಿಣವಾದಷ್ಟೂ ಉತ್ತರವೂ ಏರುತ್ತ ಹೋಗುತ್ತದೆ. ಆ ಜುಗಲ್‌ಬಂದಿಯಲ್ಲಿ ಮುಂದೇನು ಬರುತ್ತದೆಂದು ಇಬ್ಬರಿಗೂ ಪೂರ್ತಿ ಗೊತ್ತಿರುವುದಿಲ್ಲ. ಬ್ಲ್ಯಾಕ್‌ಮೋರ್ 1993ರಲ್ಲಿ ತಂಡ ಬಿಟ್ಟರು, ಲಾರ್ಡ್ 2002ರಲ್ಲಿ ನಿವೃತ್ತರಾಗಿ 2012ರ ಜುಲೈನಲ್ಲಿ ತೀರಿಕೊಂಡರು. ಹಳೆಯ ಹಾಡುಗಳು ಕಷ್ಟವಾಗಿರುವುದಕ್ಕೆ ಗಿಲನ್ ಅವರ ವಯಸ್ಸಿನಷ್ಟೇ ಇದೂ ಕಾರಣ. ಅವರನ್ನು ಆ ಎತ್ತರಕ್ಕೆ ಕೆಣಕಿ ಕರೆದೊಯ್ಯುತ್ತಿದ್ದವರು ಈಗ ಎದುರಿಗಿಲ್ಲ. ಬ್ಲ್ಯಾಕ್‌ಮೋರ್ ಆದಮೇಲೆ ಬಂದ ಗಿಟಾರ್ ವಾದಕ ಸ್ಟೀವ್ ಮೋರ್ಸ್, 2022ರಿಂದ ಆ ಸ್ಥಾನದಲ್ಲಿರುವ ಸೈಮನ್ ಮೆಕ್‌ಬ್ರೈಡ್, ಇಬ್ಬರೂ ಸಮರ್ಥರೇ. ಆದರೆ ಅವರ ಜಗಳ, ಅವರ ಸಲಿಗೆ ಬೇರೆ.

ಕುಂದಿದ್ದರೂ ಹಾಡಲಿ ಎನ್ನುವವರು ಇನ್ನೊಂದು ಉದಾಹರಣೆಯನ್ನೂ ನೆನಪಿಟ್ಟುಕೊಳ್ಳಬೇಕು. 2007ರ ಜೂನ್‌ನಲ್ಲಿ ಬೆಂಗಳೂರಿಗೆ ಬಂದಿದ್ದ ಏರೋಸ್ಮಿತ್ ತಂಡದ ಸ್ಟೀವನ್ ಟೈಲರ್, 2023ರ ಸೆಪ್ಟೆಂಬರ್‌ನಲ್ಲಿ ವಿದಾಯದ ಪ್ರವಾಸ ಆರಂಭವಾದ ಬೆನ್ನಲ್ಲೇ ಧ್ವನಿಪೆಟ್ಟಿಗೆಗೆ ಪೆಟ್ಟು ಮಾಡಿಕೊಂಡರು. ವರ್ಷವಿಡೀ ಚಿಕಿತ್ಸೆ ಪಡೆದರೂ ಮೊದಲಿನಂತಾಗದೆ, 2024ರ ಆಗಸ್ಟ್‌ನಲ್ಲಿ ತಂಡ ಪ್ರವಾಸಗಳನ್ನೇ ನಿಲ್ಲಿಸಿತು. ಒಂದು ಹಾಡನ್ನು ಬಿಟ್ಟು ಉಳಿದ ಹದಿನೈದನ್ನು ಉಳಿಸಿಕೊಳ್ಳುವುದು ಕೇಳುಗರಿಗೂ ಲಾಭವೇ.

ತಂಬೂರಿ ಶ್ರುತಿ

ಕರ್ನಾಟಕ ಸಂಗೀತದ ವಿದ್ಯಾರ್ಥಿನಿಯಾಗಿ ಒಂದು ಮಾತು. ನಮ್ಮಲ್ಲಿ ಹಿರಿಯ ವಿದ್ವಾಂಸರು ವಯಸ್ಸಾದಂತೆ ಶ್ರುತಿಯನ್ನು ಅರ್ಧ ಮನೆ, ಒಂದು ಮನೆ ಇಳಿಸಿಕೊಂಡು ಹಾಡುತ್ತಾರೆ, ಅದನ್ನು ಯಾರೂ ಲೋಪವೆಂದು ಎಣಿಸುವುದಿಲ್ಲ. ಕಛೇರಿಯ ವ್ಯವಸ್ಥೆಯೇ ಹಾಗಿದೆ. ಗಾಯಕರ ಷಡ್ಜಕ್ಕೆ ತಂಬೂರಿ, ಅದಕ್ಕೆ ಪಿಟೀಲು ಶ್ರುತಿಯಾಗುತ್ತವೆ. ಮೃದಂಗದವರು ಆ ಶ್ರುತಿಗೆ ಹೊಂದುವ ಬೇರೆ ಮೃದಂಗವನ್ನೇ ತರುತ್ತಾರೆ. ಆಲಾಪನೆಯಲ್ಲಿ ಎಷ್ಟು ಎತ್ತರಕ್ಕೆ ಹೋಗಬೇಕು, ಎಷ್ಟು ಹೊತ್ತು ಅಲ್ಲಿ ನಿಲ್ಲಬೇಕು ಎಂಬುದು ಆ ದಿನದ ಗಂಟಲು ನೋಡಿಕೊಂಡು ಗಾಯಕರೇ ತೀರ್ಮಾನಿಸುವ ಸಂಗತಿ.

ರಾಕ್ ಸಂಗೀತದಲ್ಲಿ ಹೀಗಾಗದಿರುವುದಕ್ಕೆ ಧ್ವನಿಮುದ್ರಿಕೆಯೇ ಮುಖ್ಯ ಕಾರಣ ಎಂದು ನನಗೆ ತೋರುತ್ತದೆ. ನಮ್ಮಲ್ಲಿ ಕೃತಿ ಗಾಯಕರಿಗಿಂತ ಹಳೆಯದು, ಅದನ್ನು ನೂರಾರು ಜನ ಹಾಡಿದ್ದಾರೆ. ಅಲ್ಲಿ 1970ರ ಒಂದು ತಟ್ಟೆಯೇ ಮೂಲಪ್ರತಿ. ಗಾಯಕ ತನ್ನ 24ನೆಯ ವಯಸ್ಸಿನ ದನಿಗೇ ಬದುಕಿನುದ್ದಕ್ಕೂ ಸರಿಗಟ್ಟಬೇಕು. ಅದು ಬಹಳ ಕ್ರೂರವಾದ ಹೋಲಿಕೆ.

ಶಿವಮೊಗ್ಗ ಡ್ರಮ್ಸ್

ಎಲ್ಲರೂ ಗಂಟಲಿನ ಬಗ್ಗೆಯೇ ಬರೆದಿದ್ದೀರಿ, ಕೈಕಾಲುಗಳ ಮಾತು ಬಂದಿಲ್ಲ. 1968ರಿಂದ ಇಂದಿನವರೆಗೂ ತಂಡದ ಎಲ್ಲ ಅವತಾರಗಳಲ್ಲೂ ಇರುವವರು ಡ್ರಮ್ಮರ್ ಇಯಾನ್ ಪೇಸ್ ಒಬ್ಬರೇ. 2016ರಲ್ಲಿ ಅವರಿಗೆ ಸಣ್ಣ ಪ್ರಮಾಣದ ಪಾರ್ಶ್ವವಾಯು ತಗಲಿ ಬಲಗೈ ಜೋಮು ಹಿಡಿದು, ಕೆಲವು ಕಾರ್ಯಕ್ರಮಗಳು ರದ್ದಾದವು. ಚೇತರಿಸಿಕೊಂಡು ಮತ್ತೆ ಬಂದರು. ‘ಹೈವೇ ಸ್ಟಾರ್’ನಂಥ ಹಾಡಿನಲ್ಲಿ ಬಲಗೈ ಒಂದು ಕ್ಷಣವೂ ವಿರಮಿಸುವಂತಿಲ್ಲ. ‘ಫೈರ್‌ಬಾಲ್’ಗೆ ಎರಡು ಬಾಸ್ ಡ್ರಮ್ ಬೇಕು, ಅಂದರೆ ಎರಡು ಕಾಲುಗಳೂ ಒಂದೇ ಸಮ ಓಡುತ್ತಿರಬೇಕು. ಆ ವೇಗವನ್ನು ಎಪ್ಪತ್ತರ ಹರೆಯದಲ್ಲಿ ಉಳಿಸಿಕೊಳ್ಳುವುದು ಎಂಥ ಕೆಲಸ ಎಂಬುದು ಕಡ್ಡಿ ಹಿಡಿದವರಿಗೆ ಗೊತ್ತು. ಗಾಯಕರ ಸ್ವರ ತಪ್ಪಿದರೆ ಎಲ್ಲರಿಗೂ ಕೇಳಿಸುತ್ತದೆ. ಡ್ರಮ್ಮರ್ ತುಸು ನಿಧಾನವಾದರೆ ಹಾಡು ಭಾರವಾಯಿತು ಎಂದಷ್ಟೇ ಅನಿಸುತ್ತದೆ.

ಆರು ತಂತಿ

ಸರಿಯಾದ ಮಾತು. ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಈ ತಂಡ ಮತ್ತೆ ಒಂದಾದ 1984ರ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ ಹಾಡು ಇಂದಿಗೂ ವೇದಿಕೆಯಲ್ಲಿ ಸ್ವಲ್ಪವೂ ಕಳೆಗುಂದಿಲ್ಲ. ಆಗ ಗಿಲನ್‌ಗೆ ಹೆಚ್ಚುಕಡಿಮೆ 39. ಹಾಡು ಮಧ್ಯಸ್ಥಾಯಿಯಲ್ಲೇ ನಡೆಯುತ್ತದೆ, ಅದರ ಬಲವಿರುವುದು ಆರ್ಗನ್‌ನ ಗುಡುಗಿನಲ್ಲಿ ಮತ್ತು ತೂಗುವ ಲಯದಲ್ಲಿ. 2013ರಿಂದ ನಿರ್ಮಾಪಕ ಬಾಬ್ ಎಜ್ರಿನ್ ಜೊತೆ ಮಾಡುತ್ತಿರುವ ಆಲ್ಬಂಗಳಲ್ಲಿಯೂ, 2020ರ ‘ವೂಶ್!’ನಲ್ಲಾಗಲಿ 2024ರ ‘=1’ನಲ್ಲಾಗಲಿ, ಹಾಡುಗಳನ್ನು ಗಿಲನ್ ಅವರ ಈಗಿನ ದನಿಗೆ ಅಳತೆ ನೋಡಿಯೇ ಕಟ್ಟಿದ್ದಾರೆ. ಅವನ್ನು ಲೈವ್ ಕೇಳಿದಾಗ ಮುಪ್ಪು ಕೇಳಿಸುವುದಿಲ್ಲ, ಅನುಭವ ಕೇಳಿಸುತ್ತದೆ. ಹಳೆಯ ಹಾಡುಗಳಿಗಾಗಿ ಮಾತ್ರ ಹೋಗುವವರು ಈ ಭಾಗ ಬಂದಾಗ ಫೋನ್ ತೆರೆದು ಕೂರುತ್ತಾರೆ. ಅದು ನನಗೆ ಬೇಸರದ ಸಂಗತಿ.

ದಾವಣಗೆರೆ ಕೇಳುಗ

ಗಾಯಕನ ವಿಷಯದಲ್ಲಿ ಓಸಾಕಾ ಅವರ ವಾದ ನನಗೆ ಇನ್ನೂ ಒಪ್ಪಿಗೆಯಾಗಿಲ್ಲ. ಆದರೂ ಒಂದು ಪ್ರಶ್ನೆ: ಹಾಡುವುದು ಬೇಡ, ಅದನ್ನು ವಾದ್ಯದ ಕೃತಿಯಾಗಿ ನುಡಿಸಬಹುದಲ್ಲ?

ಓಸಾಕಾ72

ಇದು ಒಳ್ಳೆಯ ಸಲಹೆ, ಮತ್ತು ಅದಕ್ಕೆ ಆಧಾರವೂ ಇದೆ. ಈ ಹಾಡಿನ ಮೂಲ ಧಾಟಿ ಡೀಪ್ ಪರ್ಪಲ್‌ನದಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ‘ಇಟ್ಸ್ ಎ ಬ್ಯೂಟಿಫುಲ್ ಡೇ’ ಎಂಬ ತಂಡ 1969ರಲ್ಲಿ ‘ಬಾಂಬೆ ಕಾಲಿಂಗ್’ ಎಂಬ ರಚನೆಯನ್ನು ಹೊರತಂದಿತ್ತು. ಅದರಲ್ಲಿ ಮಾತಿಲ್ಲ, ಪಿಟೀಲು ಮುಂದಾಳು. ಜಾನ್ ಲಾರ್ಡ್ ಅದನ್ನು ಆರ್ಗನ್‌ನಲ್ಲಿ ನಿಧಾನಗೊಳಿಸಿ ನುಡಿಸುತ್ತ ಹೋದಾಗ ಗಿಲನ್ ಅದಕ್ಕೆ ಮಾತು ಕೂಡಿಸಿದರು. ಹಾಡನ್ನು ನಿಲ್ಲಿಸುವ ಮುಂಚಿನ ವರ್ಷಗಳಲ್ಲಿ ಏರುವ ಸ್ವರಗಳಿಗೆ ಸ್ಟೀವ್ ಮೋರ್ಸ್ ಅವರ ಗಿಟಾರ್ ಆಸರೆಯಾಗಿ ನಿಲ್ಲುತ್ತಿತ್ತು, ಅಂದರೆ ದನಿಯ ಜಾಗವನ್ನು ತಂತಿ ಅಷ್ಟಿಷ್ಟು ತುಂಬಿದ್ದೂ ಉಂಟು. ಹಾಗಿರುವಾಗ ಏರಿ ಅವರ ಆರ್ಗನ್ ಮತ್ತು ಮೆಕ್‌ಬ್ರೈಡ್ ಅವರ ಗಿಟಾರ್ ಸೇರಿ ಮೂರು ನಾಲ್ಕು ನಿಮಿಷ ಆ ಧಾಟಿಯನ್ನು ನುಡಿಸಿ, ನೇರವಾಗಿ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ಗೆ ದಾಟಿದರೆ, ನಾನಂತೂ ಗಿಲನ್ ಅವರ ದನಿ ಇಲ್ಲವೆಂದು ಕೊರಗುವುದಿಲ್ಲ.